ಫ್ಯೂಸಿಂಗ್‌ಗೆ ಯಾವ ಗಾಜು: 90, 96, ಅಥವಾ ಅಂಗಡಿಯ ಕಿಟಕಿ ಗಾಜು?

ಕಿಲ್ನ್‌ನಲ್ಲಿ (ಗಾಜು ಕಾಯಿಸುವ ಕುಲುಮೆಯಲ್ಲಿ) ಗಾಜು ಬೆಸೆಯುವುದನ್ನು, ಅಂದರೆ ಫ್ಯೂಸಿಂಗ್ ಕಲಿಯಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಗಾಜು ತಗೊಳ್ಳಲಿ? ಬುಲ್ಸ್‌ಐ ಕಂಪನಿಯ 90 ನಂಬರಿನ ಗಾಜು ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ ಅಂತ ಒಬ್ಬರು ಹೇಳಿರುತ್ತಾರೆ. 96 ನಂಬರಿನದು ಸ್ವಲ್ಪ ಅಗ್ಗ ಅಂತ ಇನ್ನೊಬ್ಬರು. ಪಕ್ಕದ ರಸ್ತೆಯ ಗ್ಲಾಸ್ ಅಂಗಡಿಯಲ್ಲಿ ಚದರ ಅಡಿ ಲೆಕ್ಕದಲ್ಲಿ ಗಾಜು ಸಿಗುವಾಗ ಅಮೆರಿಕದಿಂದ ಯಾಕೆ ತರಿಸಬೇಕು ಅಂತ ಮನೆಯವರು. ಮೂರು ಮಾತಿನಲ್ಲೂ ಹುರುಳಿದೆ. ಆದರೆ ಮೂರೂ ಗಾಜನ್ನು ಒಂದೇ ತಟ್ಟೆಯಲ್ಲಿ ಬೆರೆಸಿದರೆ ತಟ್ಟೆ ಉಳಿಯುವುದಿಲ್ಲ. ಹಾಗಾಗಿ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೈಗೆ, ಜೇಬಿಗೆ ಹೊಂದುವ ಒಂದು ಗಾಜನ್ನು ಆರಿಸಿ. ಕನಿಷ್ಠ ಮೊದಲ ವರ್ಷ ಅದೊಂದೇ ಗಾಜು ನಿಮ್ಮ ಮೇಜಿನ ಮೇಲಿರಲಿ. ಯಾವುದು ಆ ಒಂದು ಅನ್ನುವುದನ್ನು ಈಗ ನೋಡೋಣ.

ನಂಬರ್ ನೋಡಿ ಮೋಸ ಹೋಗಬೇಡಿ

ಗಾಜು ಕಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕಕ್ಕೆ ಸಿಒಇ ಅನ್ನುತ್ತಾರೆ. 90 ಅಂದರೆ ಒಂದು ಮೀಟರ್ ಉದ್ದದ ಗಾಜು ಒಂದು ಡಿಗ್ರಿ ಸೆಲ್ಸಿಯಸ್ ಕಾವು ಏರಿದಾಗ 9 ಮೈಕ್ರಾನ್ ಬೆಳೆಯುತ್ತದೆ. 96 ಆದರೆ 9.6 ಮೈಕ್ರಾನ್. ಇಷ್ಟಕ್ಕೆಲ್ಲ ಏನಾಗುತ್ತೆ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. 30 ಸೆಂಟಿಮೀಟರ್ ತಟ್ಟೆಯೊಂದು ಸುಮಾರು 500 ಡಿಗ್ರಿಯಿಂದ ಕೋಣೆಯ ಬಿಸಿಗೆ ಇಳಿಯುವಷ್ಟರಲ್ಲಿ ಇವೆರಡರ ನಡುವೆ 0.09 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಒಂದು ತಲೆಕೂದಲಿನಷ್ಟು ದಪ್ಪ. ಗಟ್ಟಿಯಾಗಿ ಅಂಟಿಕೊಂಡ ಗಾಜಿಗೆ ಅಷ್ಟು ಸಾಕು. ಒಂದು ಪದರ ಕುಗ್ಗಲು ಹೋಗುತ್ತದೆ, ಇನ್ನೊಂದು ಬಿಡುವುದಿಲ್ಲ. ಬಿರುಕು ಕಿಲ್ನ್ ಒಳಗೇ ಬರಬಹುದು. ಎಷ್ಟೋ ವಾರದ ಮೇಲೆ, ಕಪಾಟಿನಲ್ಲಿ ಕೂತಲ್ಲೇ ಟಪ್ ಅಂತ ಬರಬಹುದು.

ಹಾಗಾದರೆ 90 ಅಂತ ಬರೆದಿರುವ ಯಾವ ಗಾಜನ್ನಾದರೂ 90 ಜೊತೆ ಹಾಕಬಹುದಾ? ಇಲ್ಲ. ಹೊಸಬರಿಗೆ ಇದನ್ನು ಯಾರೂ ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ಬೆಲ್ಲದ ಪಾಕ ಒಲೆಯಿಂದ ಇಳಿಸಿದ ಕೂಡಲೇ ಕಲ್ಲಾಗುವುದಿಲ್ಲ, ಎಳೆಪಾಕದಿಂದ ಉಂಡೆಪಾಕಕ್ಕೆ ಮೆಲ್ಲಗೆ ಬಿಗಿಯುತ್ತದೆ. ಗಾಜೂ ಹಾಗೇ. ಎರಡು ಗಾಜು ಒಂದೇ ಪ್ರಮಾಣದಲ್ಲಿ ಹಿಗ್ಗಿದರೂ ಬೇರೆ ಬೇರೆ ಡಿಗ್ರಿಯಲ್ಲಿ ಬಿಗಿದುಕೊಂಡರೆ ಜಗಳ ಅಲ್ಲೇ ಶುರು. ಅದೂ ಅಲ್ಲದೆ ಸಿಒಇಯನ್ನು ಸಾಮಾನ್ಯವಾಗಿ 0ಯಿಂದ 300 ಡಿಗ್ರಿ ಒಳಗೆ ಅಳೆಯುತ್ತಾರೆ. ಗಾಜು ಬಿಗಿಯುವುದು ಅದಕ್ಕಿಂತ ಎಷ್ಟೋ ಮೇಲೆ. ಅಂದರೆ ಡಬ್ಬಿಯ ಮೇಲಿನ ನಂಬರ್ ಬರೀ ಸುಳಿವು. ಭರವಸೆ ಕೊಡಬೇಕಾದದ್ದು ತಯಾರಕರು ಮಾಡಿದ ಪರೀಕ್ಷೆ.

ಆ ಪರೀಕ್ಷೆ ಹೀಗೆ ನಡೆಯುತ್ತದೆ. ಬಣ್ಣಬಣ್ಣದ ಗಾಜಿನ ಚಿಕ್ಕ ತುಂಡುಗಳನ್ನು ಒಂದು ಬಣ್ಣವಿಲ್ಲದ ಪಾರದರ್ಶಕ ಪಟ್ಟಿಯ ಮೇಲೆ ಇಟ್ಟು ಕಾಯಿಸುತ್ತಾರೆ, ನಿಧಾನಕ್ಕೆ ಆರಿಸುತ್ತಾರೆ, ಆಮೇಲೆ ಎರಡು ಪೋಲರೈಸಿಂಗ್ ಫಿಲ್ಮ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ನಡುವೆ ಇಟ್ಟು ನೋಡುತ್ತಾರೆ. ಒತ್ತಡ ಇದ್ದರೆ ತುಂಡಿನ ಅಂಚಿನ ಸುತ್ತ ಬೆಳಕಿನ ಬಳೆ ಕಾಣುತ್ತದೆ. ಬಳೆ ಇಲ್ಲದಿದ್ದರೆ ಎರಡೂ ಹೊಂದಿಕೊಂಡಿವೆ ಅಂತ. ಇದನ್ನು ಮನೆಯಲ್ಲೂ ಮಾಡಬಹುದು, ಮುಂದೆ ಹೇಳುತ್ತೇನೆ.

ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ

ತಯಾರಿಸಿದವರು ಇದನ್ನು ಕಿಲ್ನ್‌ಗೆಂದೇ ಪರೀಕ್ಷಿಸಿದ್ದಾರಾ? ಮುಂದಿನ ವರ್ಷವೂ ಇದೇ ಗಾಜು ಸಿಗುತ್ತದಾ? ಹಾಳೆ ಮಾತ್ರವಲ್ಲದೆ ಪುಡಿ, ಹರಳು ಹರಳಾದ ಫ್ರಿಟ್, ಎಳೆಯಂಥ ಸ್ಟ್ರಿಂಗರ್, ಎಲ್ಲವೂ ಅದೇ ಗಾಜಿನಲ್ಲಿ ಇವೆಯಾ? ಒಡೆದದ್ದು, ಕಟ್ಟಿಂಗ್‌ನಲ್ಲಿ ಉಳಿದದ್ದು, ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿಸಿದರೆ ಒಂದು ತಟ್ಟೆಗೆ ಎಷ್ಟು ಬೀಳುತ್ತದೆ?

ಎರಡನೇ ಪ್ರಶ್ನೆಯನ್ನು ಹಗುರವಾಗಿ ತಗೊಳ್ಳಬೇಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೆಕ್ಟ್ರಮ್ ಕಂಪನಿಯ ಗಾಜನ್ನು ನಂಬಿಕೊಂಡು ಎಷ್ಟೋ ಸ್ಟುಡಿಯೋಗಳು 96ರಲ್ಲೇ ಕೆಲಸ ಮಾಡುತ್ತಿದ್ದವು. 2016ರಲ್ಲಿ ಕಂಪನಿ ಮುಚ್ಚುತ್ತೇವೆ ಅಂತ ಹೇಳಿತು. ಕ್ಯಾಲಿಫೋರ್ನಿಯಾದ ಓಷನ್‌ಸೈಡ್ ಅದನ್ನು ಕೊಂಡು ತಯಾರಿಕೆಯನ್ನು ಮೆಕ್ಸಿಕೋಗೆ ಒಯ್ದಿದ್ದರಿಂದ ಆ ಗಾಜು ಉಳಿಯಿತು. ನಡುವೆ ಬಣ್ಣ ಸಿಗದೆ ಕಾಯಬೇಕಾದವರು ಬಹಳ ಮಂದಿ. ಒಂದೇ ಕಂಪನಿಯ ಒಂದೇ ಬಣ್ಣದ ಮೇಲೆ ನಿಮ್ಮ ಇಡೀ ವಿನ್ಯಾಸ ನಿಂತಿದ್ದರೆ ಒಂದು ಹಾಳೆ ಹೆಚ್ಚಿಗೆ ತೆಗೆದಿಡುವುದು ಒಳ್ಳೆಯದು.

ಬುಲ್ಸ್‌ಐ 90

ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ 1974ರಲ್ಲಿ ಶುರುವಾದ ಕಂಪನಿ. ಕಿಲ್ನ್‌ಗೆಂದೇ ಪರೀಕ್ಷಿಸಿದ ಗಾಜನ್ನು ಹಾಳೆ ಹಾಳೆಯಾಗಿ ಮಾರುಕಟ್ಟೆಗೆ ತಂದವರಲ್ಲಿ ಇವರು ಮುಂಚೂಣಿಯವರು. ಹಾಳೆ 3 ಮಿಲಿಮೀಟರ್ ದಪ್ಪ, ಹಲವು ಬಣ್ಣ 2 ಮಿಲಿಮೀಟರ್‌ನಲ್ಲೂ ಸಿಗುತ್ತವೆ. ಪುಡಿಯಿಂದ ಹಿಡಿದು ದಪ್ಪ ಫ್ರಿಟ್‌ವರೆಗೆ, ಸ್ಟ್ರಿಂಗರ್, ಕಡ್ಡಿ ಎಲ್ಲ ಒಂದೇ ಕಡೆ. ಯಾವ ದಪ್ಪದ ಗಾಜನ್ನು ಎಷ್ಟು ಹೊತ್ತು ನಿಧಾನಕ್ಕೆ ಆರಿಸಬೇಕು ಅನ್ನುವ ಕೋಷ್ಟಕವನ್ನೂ ಅವರೇ ಕೊಡುತ್ತಾರೆ. ನನಗೆ ಇವರ ಗಾಜಿಗಿಂತ ಈ ಕೋಷ್ಟಕಗಳ ಮೇಲೇ ಗೌರವ ಜಾಸ್ತಿ.

ಬಣ್ಣದ ವಿಷಯದಲ್ಲಿ ಇದು ಶ್ರೀಮಂತ, ಜೊತೆಗೆ ಸೂಕ್ಷ್ಮ. ಕೆಂಪು, ಕಿತ್ತಳೆ, ಹಳದಿಗಳಲ್ಲಿ ಸೆಲೆನಿಯಮ್, ಗಂಧಕ ಇರುತ್ತವೆ. ವೈಡೂರ್ಯದಂಥ ನೀಲಿ-ಹಸಿರುಗಳಲ್ಲಿ ತಾಮ್ರ ಇರುತ್ತದೆ. ಇವೆರಡು ತಾಗಿದ ಕಡೆ ಕಂದು, ಕಪ್ಪು ಗೆರೆ ಬರುತ್ತದೆ. ಗೊತ್ತಿದ್ದು ಮಾಡಿದರೆ ಅದು ಬಲು ಚೆಂದ, ಗೊತ್ತಿಲ್ಲದೆ ಆದರೆ ಕಲೆ. ಚಿನ್ನ ಬೆರೆತ ಕೆಲವು ಗುಲಾಬಿ ಗಾಜು ಕಾಯಿಸುವ ಮುನ್ನ ಬಹುತೇಕ ಬಣ್ಣವೇ ಇಲ್ಲದ ಹಾಗೆ ಕಾಣುತ್ತದೆ. ಕಿಲ್ನ್‌ನಿಂದ ಹೊರಬಂದ ಮೇಲೆ ಗುಲಾಬಿ. ಅದಕ್ಕೇ ಹಾಳೆಯ ಬಣ್ಣ ನೋಡಿ ಕೊಳ್ಳಬೇಡಿ, ಕಾದ ಮೇಲಿನ ಮಾದರಿ ನೋಡಿ ಕೊಳ್ಳಿ.

ತೊಂದರೆ ಎಂದರೆ ಬೆಲೆ. ಭಾರತಕ್ಕೆ ತರಿಸುವಾಗ ತೂಕ, ಒಡೆಯುವ ಭಯ, ಸುಂಕ ಮೂರೂ ಸೇರಿಕೊಳ್ಳುತ್ತವೆ. ಕಲಿಯುವಾಗ ಒಂದೊಂದು ತುಂಡನ್ನೂ ಕತ್ತರಿಸಲು ಕೈ ನಡುಗುವಷ್ಟು ದುಬಾರಿಯಾದರೆ ಕಲಿಕೆಯೇ ನಿಂತುಹೋಗುತ್ತದೆ.

96ರ ಗಾಜು

ಓಷನ್‌ಸೈಡ್ 96 ಇದೆ. ವೆಸ್ಟ್ ವರ್ಜೀನಿಯಾದಲ್ಲಿ 1904ರಿಂದ ಇರುವ ವಿಸ್‌ಮ್ಯಾಕ್ ಕಂಪನಿಯ 96 ಇದೆ. ಈ ಗಾಜು ಬುಲ್ಸ್‌ಐಗಿಂತ ಸ್ವಲ್ಪ ಮೃದು, ಹತ್ತು ಡಿಗ್ರಿಯಷ್ಟು ಕಡಿಮೆ ಕಾವಿನಲ್ಲೇ ಹರಿದು ಕೂಡಿಕೊಳ್ಳುತ್ತದೆ. ಪಾರದರ್ಶಕ ಹಾಳೆಗಳು ನುಣುಪಾಗಿ, ಕಟರ್‌ಗೆ ಸುಲಭವಾಗಿ ಸಿಗುತ್ತವೆ. ಬೆಲೆ ಸಾಮಾನ್ಯವಾಗಿ ಬುಲ್ಸ್‌ಐಗಿಂತ ಕಡಿಮೆ. ದೊಡ್ಡ ಗಾತ್ರದ ಕೆಲಸ, ಬೋಗುಣಿ, ಗೋಡೆಗೆ ಹಾಕುವ ಫಲಕ ಮಾಡುವವರಿಗೆ ಈ ಉಳಿತಾಯ ದೊಡ್ಡದು.

ಬಿಟ್ಟುಕೊಡಬೇಕಾದದ್ದು ಏನು? ಬಣ್ಣದ ಆಯ್ಕೆ ಅಷ್ಟು ಆಳವಿಲ್ಲ. ಬೇರೆ ಬೇರೆ ಕಂಪನಿಯ 96 ಒಟ್ಟಿಗೆ ಹಾಕುವ ಅಭ್ಯಾಸ ಇಲ್ಲಿ ಜಾಸ್ತಿ, ಹಾಗಾಗಿ ಪರೀಕ್ಷೆಯ ಜವಾಬ್ದಾರಿ ನಿಮ್ಮ ಮೇಲೂ ಸ್ವಲ್ಪ ಬೀಳುತ್ತದೆ. ವಿಸ್‌ಮ್ಯಾಕ್ ಕಂಪನಿ 90 ಅನ್ನೂ ಮಾಡುತ್ತದೆ. ಹೆಸರು ಒಂದೇ ಅಂತ ಅವೆರಡನ್ನು ಬೆರೆಸಬೇಡಿ. ಆರ್ಡರ್ ಮಾಡುವಾಗ ನಂಬರ್ ಎರಡು ಸಲ ಓದಿ.

ಕಿಟಕಿ ಗಾಜು, ಅಂದರೆ ಫ್ಲೋಟ್

ಕರ್ನಾಟಕದಲ್ಲಿ ಕೂತು ಕಲಿಯುವವರಿಗೆ ಇದನ್ನು ನಾನು ಮನಸಾರೆ ಹೇಳುತ್ತೇನೆ. ಯಾವ ಊರಿನ ಗ್ಲಾಸ್-ಪ್ಲೈವುಡ್ ಅಂಗಡಿಗೆ ಹೋದರೂ 3.5, 4, 5 ಮಿಲಿಮೀಟರ್ ಸಿಗುತ್ತದೆ. ಕೇಳಿದರೆ ಕಟ್ಟಿಂಗ್‌ನಲ್ಲಿ ಉಳಿದ ತುಂಡುಗಳನ್ನು ತುಂಬ ಕಡಿಮೆಗೆ ಕೊಡುತ್ತಾರೆ. ಕತ್ತರಿಸುವುದು, ಕಿಲ್ನ್ ಶೆಲ್ಫ್ ಸಿದ್ಧ ಮಾಡುವುದು, ಕಾವಿನ ಲೆಕ್ಕ ಹಿಡಿಯುವುದು, ಅಚ್ಚಿನ ಮೇಲೆ ಬಾಗಿಸುವುದು, ಇಷ್ಟನ್ನೂ ಹೆದರದೆ ಕಲಿಯಬಹುದು.

ಆದರೆ ಇದಕ್ಕೆ ತನ್ನದೇ ನಿಯಮಗಳಿವೆ. ಸೇಂಟ್ ಗೋಬೈನ್ ಗಾಜು, ಎಐಎಸ್ ಗಾಜು, ಗಾರ್ಡಿಯನ್ ಗಾಜು, ನೋಡಲು ಒಂದೇ. ಒಂದಕ್ಕೊಂದು ಹೊಂದುತ್ತವೆ ಅಂತ ಯಾರೂ ಮಾತು ಕೊಟ್ಟಿಲ್ಲ, ಯಾಕಂದರೆ ಅವುಗಳನ್ನು ಮಾಡುವುದು ಕಿಟಕಿಗೆ, ಕಿಲ್ನ್‌ಗಲ್ಲ. ಒಂದು ತಟ್ಟೆಗೆ ಬೇಕಾದ ಎಲ್ಲ ತುಂಡುಗಳನ್ನೂ ಒಂದೇ ಹಾಳೆಯಿಂದ ಕತ್ತರಿಸಿ. ಕಂದು, ನೀಲಿ ಛಾಯೆಯ ಕಿಟಕಿ ಗಾಜನ್ನು ಬಣ್ಣವಿಲ್ಲದ ಗಾಜಿನ ಮೇಲೆ ಇಡಬೇಡಿ. ಟಫನ್ ಮಾಡಿದ ಗಾಜು ಕತ್ತರಿಸಲು ಹೋದರೆ ಪುಡಿಪುಡಿಯಾಗುತ್ತದೆ. ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜು, ಹಿಂಬದಿಗೆ ಬಣ್ಣ ಬಳಿದ ಕನ್ನಡಿ ಇವೂ ಬೇಡ.

ಫ್ಲೋಟ್ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ಹಾಗಾಗಿ ಒಂದು ಬದಿಯಲ್ಲಿ ಕಣ್ಣಿಗೆ ಕಾಣದಷ್ಟು ತವರ ಉಳಿದಿರುತ್ತದೆ. ಬಾಗಿಸುವಾಗ ಆ ಬದಿಯಲ್ಲಿ ಕೆಲವೊಮ್ಮೆ ಮಂಜು ಕವಿದಂಥ ಸಣ್ಣ ಸುಕ್ಕು ಬರುತ್ತದೆ. ಕಂಡುಹಿಡಿಯುವುದು ಸುಲಭ. ಕತ್ತಲೆ ಕೋಣೆಯಲ್ಲಿ ಶಾರ್ಟ್‌ವೇವ್ ಯುವಿ ದೀಪವನ್ನು ಓರೆಯಾಗಿ ಹಿಡಿದರೆ ತವರದ ಬದಿ ಹಾಲಿನಂತೆ ಬೆಳಗುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ನೋಡಿ, ಮಾರ್ಕರ್‌ನಿಂದ ಗುರುತು ಮಾಡಿ, ಕಿಲ್ನ್‌ಗೆ ಇಡುವ ಮುನ್ನ ಗುರುತು ಒರೆಸಿ.

ಇನ್ನೊಂದು ಕಾಟ ಡಿವಿಟ್ರಿಫಿಕೇಷನ್. ಮೇಲ್ಮೈ ಮೇಲೆ ಬಿಳಿ ಪುಡಿ ಕೂತ ಹಾಗೆ ಕಾಣುತ್ತದೆ, ಗಾಜಿನ ಹೊಳಪು ಹೋಗುತ್ತದೆ. ಕಲೆಗೆಂದು ಮಾಡಿದ ಗಾಜಿನಲ್ಲಿ ಇದು ಕಡಿಮೆ, ಫ್ಲೋಟ್‌ನಲ್ಲಿ ಹೆಚ್ಚು. ಗಾಜು ಚೆನ್ನಾಗಿ ತೊಳೆಯಿರಿ, ಬೆರಳಚ್ಚು ಉಳಿಯದಂತೆ ಒರೆಸಿ, 700 ದಾಟಿದ ಮೇಲೆ ಸುಮ್ನೆ ಅಲ್ಲೇ ಕಾಯಿಸುತ್ತಾ ಕೂರಬೇಡಿ.

ಬಣ್ಣ ಬೇಕಾದರೆ? ಗಾಜಿಗೆಂದೇ ಇರುವ ಎನಾಮಲ್ ಪುಡಿ, ಎರಡು ಪದರಗಳ ನಡುವೆ ತೆಳು ತಾಮ್ರದ ಹಾಳೆ, ಅಡುಗೆ ಸೋಡಾ ಚಿಟಿಕೆ ಉದುರಿಸಿ ಎಬ್ಬಿಸುವ ಗುಳ್ಳೆಗಳು. ಹಸಿರು ಅಂಚಿನ ದಪ್ಪ ಫ್ಲೋಟ್‌ನಲ್ಲಿ ಈ ತಾಮ್ರ, ಗುಳ್ಳೆ ಕೂತಾಗ ನೀರಿನೊಳಗೆ ನೋಡಿದ ಹಾಗಿರುತ್ತದೆ. ಬುಲ್ಸ್‌ಐ ಫ್ರಿಟ್ ಅನ್ನು ಮಾತ್ರ ಇದರ ಮೇಲೆ ಚೆಲ್ಲಬೇಡಿ. ಫ್ಲೋಟ್‌ನ ಸಿಒಇ 80ರಿಂದ 90ರ ನಡುವೆ ಬರುತ್ತದೆ, 90ಕ್ಕೆ ಹತ್ತಿರ ಅಂತ ಕೆಲವರು ಧೈರ್ಯ ಮಾಡುತ್ತಾರೆ. ಎರಡೂ ಬಿಗಿಯುವ ಕಾವಿನ ನಡುವೆ ಹತ್ತಾರು ಡಿಗ್ರಿ ಅಂತರ ಇದೆ.

ಉಳಿದವುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬಾಟಲಿ ಗಾಜು ಅದೇ ಬಾಟಲಿಯ ಜೊತೆ ಮಾತ್ರ ಹೊಂದುತ್ತದೆ ಅಂತ ಇಟ್ಟುಕೊಳ್ಳಿ. ಚಪ್ಪಟೆ ಮಾಡಿ ತಟ್ಟೆ ಮಾಡಲು ಒಳ್ಳೆಯದು, ಬೆರೆಸಲು ಅಲ್ಲ. ಮುರಾನೋದ ಎಫೆತ್ರೆಯಂಥ 104ರ ಕಡ್ಡಿಗಳು ಗ್ಯಾಸ್ ಟಾರ್ಚಿನ ಉರಿಯಲ್ಲಿ ಮಣಿ ಮಾಡುವವರಿಗೆ. ಲ್ಯಾಬ್‌ಗಳಲ್ಲಿ ಬಳಸುವ ಬೋರೋಸಿಲಿಕೇಟ್ 33, ಅದರ ದಾರಿಯೇ ಬೇರೆ.

ಮನೆಯಲ್ಲೇ ಪರೀಕ್ಷೆ

ನಿಮ್ಮ ಗಾಜಿನ ಪಾರದರ್ಶಕ ಪಟ್ಟಿಯೊಂದರ ಮೇಲೆ ಉಗುರಿನಷ್ಟು ಚಿಕ್ಕ ತುಂಡುಗಳನ್ನು ಎರಡೆರಡು ಬೆರಳು ದೂರದಲ್ಲಿ ಇಡಿ. ಒಂದು ತುಂಡು ಅದೇ ಪಾರದರ್ಶಕ ಗಾಜಿನದೇ ಇರಲಿ, ಹೋಲಿಸಲು ಬೇಕು. ಪೂರ್ತಿ ಬೆಸೆದು, ಸರಿಯಾಗಿ ಆರಿಸಿ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಅದರ ಬೆಳಕು ಈಗಾಗಲೇ ಪೋಲರೈಸ್ ಆಗಿರುತ್ತದೆ. ಪೋಲರೈಸ್ಡ್ ತಂಪುಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ ಹಿಡಿಯಿರಿ. ಈಗ ಗಾಜಿನ ಪಟ್ಟಿಯನ್ನು ಪರದೆಗೂ ಕನ್ನಡಕಕ್ಕೂ ನಡುವೆ ತನ್ನಿ. ಹೊಂದಿಕೊಂಡ ತುಂಡಿನ ಸುತ್ತ ಕತ್ತಲೆಯೇ ಇರುತ್ತದೆ. ಹೊಂದದ ತುಂಡಿನ ಅಂಚಿಗೆ, ಮೂಲೆಗಳಲ್ಲಿ ಬೆಳ್ಳಗೆ ಬೆಳಕು ಒಸರುತ್ತದೆ. ಪಟ್ಟಿಯ ತುಂಬ ಎಲ್ಲ ಕಡೆ ಬೆಳಕಿದ್ದರೆ ಅದು ಹೊಂದಾಣಿಕೆಯ ದೋಷ ಅಲ್ಲ, ಆರಿಸಿದ್ದು ಸಾಲದು. ಗಾಜು ತಣ್ಣಗಾಗಿರಬೇಕು, ಕೈ ಬಿಸಿಯೂ ತಪ್ಪು ಗುರುತು ತೋರಿಸುತ್ತದೆ.

ಕಾಯಿಸುವಲ್ಲಿ ಏನು ವ್ಯತ್ಯಾಸ

ಎರಡು ಪದರ, ಒಟ್ಟು 6 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಆ ದಪ್ಪವೇ ಗಾಜಿಗೆ ಇಷ್ಟ. ಅದಕ್ಕಿಂತ ತೆಳುವಾದರೆ ಅಂಚು ಒಳಗೆ ಎಳೆದುಕೊಳ್ಳುತ್ತದೆ, ದಪ್ಪವಾದರೆ ಹರಡುತ್ತದೆ. ಬುಲ್ಸ್‌ಐ ಆದರೆ ಗಂಟೆಗೆ ಸುಮಾರು 220 ಡಿಗ್ರಿಯಂತೆ 670ರವರೆಗೆ ಏರಿಸಿ, ಪದರಗಳ ನಡುವಿನ ಗಾಳಿ ಹೊರಗೆ ಹೋಗಲು ಅರ್ಧ ಗಂಟೆ ನಿಲ್ಲಿಸಿ. ಆಮೇಲೆ ಬೇಗ 804ಕ್ಕೆ, ಅಲ್ಲಿ ಹತ್ತು ನಿಮಿಷ. ತುಂಡುಗಳು ಅಂಟಿಕೊಂಡು ಉಬ್ಬು ಹಾಗೇ ಉಳಿಯಬೇಕಾದರೆ 750ರ ಆಸುಪಾಸು ಸಾಕು. ನಂತರ ಆರಿಸುವ ಕಾವಾದ 482ಕ್ಕೆ ಇಳಿಸಿ, ಒಳಗಿನ ಒತ್ತಡ ಹೋಗಲು ಅಲ್ಲಿ ಒಂದು ಗಂಟೆ, ಅಲ್ಲಿಂದ ಗಂಟೆಗೆ 80 ಡಿಗ್ರಿಯಂತೆ 370ರವರೆಗೆ. 96ಕ್ಕೆ ಮೇಲಿನ ಕಾವು 790ರಿಂದ 800, ಆರಿಸುವ ಕಾವು 510. ಫ್ಲೋಟ್‌ಗೆ ಮೇಲೆ 820ರಿಂದ 830, ಆರಿಸಲು 540ರಿಂದ 550. ನಿಮ್ಮ ಕಿಲ್ನ್‌ನ ಕಾವು ಅಳೆಯುವ ಥರ್ಮೋಕಪಲ್ ಹತ್ತು ಹದಿನೈದು ಡಿಗ್ರಿ ಹೆಚ್ಚು ಕಡಿಮೆ ತೋರಿಸಬಹುದು, ಹಾಗಾಗಿ ಇವನ್ನು ಶುರುವಿನ ಅಂಕಿಗಳು ಅಂತ ತಿಳಿಯಿರಿ. ಪ್ರತಿ ಸಲ ಏನು ಹಾಕಿದಿರಿ, ಏನಾಯಿತು ಅಂತ ಬರೆದಿಡಿ.

ದಪ್ಪ ಹೆಚ್ಚಾದರೆ ಹೊತ್ತು ಹೆಚ್ಚಾಗುವುದು ನೇರ ಲೆಕ್ಕದಲ್ಲಿ ಅಲ್ಲ. ಬುಲ್ಸ್‌ಐ ಕೋಷ್ಟಕದ ಪ್ರಕಾರ 12 ಮಿಲಿಮೀಟರ್ ಗಾಜು ಆರಿಸಲು ಸುಮಾರು 5 ಗಂಟೆ ಸಾಕು. 25 ಮಿಲಿಮೀಟರ್‌ಗೆ 14 ಗಂಟೆಯ ಹತ್ತಿರ ಬೇಕು. ದಪ್ಪ ಕೆಲಸ ಮಾಡುವ ಆಸೆ ಇದ್ದವರು ಕರೆಂಟ್ ಬಿಲ್ ಅನ್ನೂ ಬಜೆಟ್‌ಗೆ ಸೇರಿಸಿ.

ಕರೆಂಟು ನಡುವೆ ಹೋದರೆ ಗಾಬರಿ ಬೇಡ, ಮುಚ್ಚಳ ತೆಗೆಯಬೇಡಿ. ಬಂದಾಗ ಕಾವು ಇನ್ನೂ ಆರಿಸುವ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇದ್ದರೆ ಅಲ್ಲಿಂದಲೇ ಆರಿಸುವ ಹಂತ ಮತ್ತೆ ಶುರು ಮಾಡಿ. ಕೆಳಗೆ ಇಳಿದಿದ್ದರೆ ನಿಧಾನಕ್ಕೆ ಮತ್ತೆ ಆ ಕಾವಿಗೆ ಏರಿಸಿ, ಪೂರ್ತಿ ಹೊತ್ತು ನಿಲ್ಲಿಸಿ, ಮತ್ತೆ ಇಳಿಸಿ. ಕಾವನ್ನು ಏರಿಸಿ ಇಳಿಸುವ ಕಂಟ್ರೋಲರ್ ಕೊಳ್ಳುವಾಗಲೇ ಕರೆಂಟು ಬಂದ ಮೇಲೆ ಅದು ತಾನಾಗಿ ಮುಂದುವರಿಯುತ್ತದಾ ಅಂತ ಕೇಳಿ.

ಒಡೆದರೆ ತುಂಡನ್ನು ಬಿಸಾಡುವ ಮುನ್ನ ಅಂಚು ಸವರದೆ ಕಣ್ಣಿಂದ ನೋಡಿ. ಒಡೆದ ಅಂಚು ದುಂಡಗಾಗಿದ್ದರೆ ಏರುವಾಗಲೇ ಒಡೆದಿದೆ, ಅಂದರೆ ಬೇಗ ಕಾಯಿಸಿದ್ದೀರಿ. ಅಂಚು ಚೂಪಾಗಿದ್ದರೆ ಇಳಿಯುವಾಗ ಅಥವಾ ಆಮೇಲೆ ಒಡೆದಿದೆ. ಚೂಪಾದ ಬಿರುಕು ಬಣ್ಣದ ಗಡಿಯನ್ನೇ ಹಿಡಿದು ಓಡಿದ್ದರೆ ಗಾಜು ಹೊಂದಿಲ್ಲ. ಬಣ್ಣಗಳನ್ನು ಲೆಕ್ಕಿಸದೆ ಅಡ್ಡಲಾಗಿ ಬಳುಕಿ ಹೋಗಿದ್ದರೆ ಆರಿಸಿದ್ದು ಸಾಲಲಿಲ್ಲ. ಈ ಗುರುತು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆಯ ಗಾಜನ್ನು ದೂರುತ್ತಾರೆ.

ಹಾಗಾದರೆ ನಿಮಗೆ ಯಾವುದು?

ಊರಲ್ಲೇ ಇದ್ದೀರಿ, ಕಿಲ್ನ್ ಈಗಷ್ಟೇ ಬಂದಿದೆ, ದುಡ್ಡು ಬಿಗಿ: ಫ್ಲೋಟ್. ಕಾವು ಕೈಗೆ ಹತ್ತಿದ ಮೇಲೆ ಬಣ್ಣದ ಗಾಜಿಗೆ ಹೋಗಿ. ದೊಡ್ಡ ಬೋಗುಣಿ, ಟೇಬಲ್ ಮೇಲಿನ ತಟ್ಟೆ ಮಾಡುತ್ತೀರಿ, ಬಣ್ಣ ನಾಲ್ಕೈದು ಸಾಕು ಅನ್ನುವವರೂ ಫ್ಲೋಟ್‌ನಲ್ಲೇ ಇದ್ದರೆ ತಪ್ಪಿಲ್ಲ.

ಆಭರಣ, ಚಿಕ್ಕ ಪದಕ, ಕಿವಿಯೋಲೆ ಮಾಡುವವರಿಗೆ ಬುಲ್ಸ್‌ಐ. ಚಿಕ್ಕ ಕೆಲಸಕ್ಕೆ ಗಾಜು ಸ್ವಲ್ಪವೇ ಸಾಕು, ಆದ್ದರಿಂದ ಬೆಲೆ ಅಷ್ಟು ಚುಚ್ಚುವುದಿಲ್ಲ, ಬಣ್ಣದ ಆಳ ಮಾತ್ರ ಎದ್ದು ಕಾಣುತ್ತದೆ. ಪುಡಿಯಲ್ಲಿ ಚಿತ್ರ ಬಿಡಿಸುವವರಿಗೂ ಇದೇ. ಪುಡಿ ಮುಟ್ಟುವಾಗ, ಶೆಲ್ಫ್‌ನಿಂದ ಕಿಲ್ನ್ ವಾಶ್ (ಗಾಜು ಅಂಟದಂತೆ ಬಳಿಯುವ ಲೇಪ) ಕೆರೆಯುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ.

ಮಾರಾಟಕ್ಕೆ ಮಾಡುವವರು, ಒಂದೇ ವಿನ್ಯಾಸವನ್ನು ಮತ್ತೆ ಮತ್ತೆ ಮಾಡುವವರು 96 ಮತ್ತು ಬುಲ್ಸ್‌ಐ ಎರಡರ ಲೆಕ್ಕ ಹಾಕಿ. ಬಣ್ಣದ ಹಾಳೆ ಹೆಚ್ಚು ಖರ್ಚಾಗುವ ವಿನ್ಯಾಸವಾದರೆ 96. ಅಮೆರಿಕದಲ್ಲೋ ಯುರೋಪಿನಲ್ಲೋ ಇದ್ದು ಬೇರೆಯವರ ಸ್ಟುಡಿಯೋದಲ್ಲಿ ಕಿಲ್ನ್ ಬಾಡಿಗೆಗೆ ತಗೊಳ್ಳುವ ಕನ್ನಡಿಗರು ಆ ಸ್ಟುಡಿಯೋದಲ್ಲಿ ಯಾವುದು ನಡೆಯುತ್ತದೋ ಅದನ್ನೇ ಹಿಡಿಯಿರಿ. ಸ್ಕ್ರ್ಯಾಪ್ ಡಬ್ಬಿ, ಕಾಯಿಸುವ ಕ್ರಮ, ಕೇಳಿ ತಿಳಿಯಲು ಜನ, ಎಲ್ಲ ಅದಕ್ಕೇ ಹೊಂದಿಕೊಂಡಿರುತ್ತವೆ.

ಮೊದಲ ಆರ್ಡರ್‌ನಲ್ಲಿ ಬಣ್ಣಕ್ಕಿಂತ ಪಾರದರ್ಶಕ ಮತ್ತು ಬಿಳಿ ಹಾಳೆಯೇ ಜಾಸ್ತಿ ಇರಲಿ. ಅಡಿ ಪದರಕ್ಕೆ, ಪರೀಕ್ಷೆಗೆ, ಎಲ್ಲದಕ್ಕೂ ಅದೇ ಬೇಕು. ಎರಡು ಬಗೆಯ ಗಾಜು ಇಟ್ಟುಕೊಳ್ಳಲೇಬೇಕಾದ ದಿನ ಬಂದರೆ ಕಪಾಟು ಬೇರೆ ಮಾಡಿ, ಕಟಿಂಗ್ ಮೇಜನ್ನು ಪ್ರತಿ ಸಲ ಬ್ರಷ್‌ನಿಂದ ಗುಡಿಸಿ, ಕತ್ತರಿಸಿ ಉಳಿದ ಪ್ರತಿ ತುಂಡಿನ ಮೇಲೂ ಕಂಪನಿ ಹೆಸರು, ನಂಬರ್ ಎರಡನ್ನೂ ಬರೆದಿಡಿ. ಗುರುತಿಲ್ಲದ ತುಂಡು ಎಷ್ಟೇ ಚೆಂದ ಇದ್ದರೂ ಪಟ್ಟಿಯ ಮೇಲೆ ಪರೀಕ್ಷೆ ಮಾಡದೆ ತಟ್ಟೆಗೆ ಹಾಕಬೇಡಿ.